ಇಪ್ಪತ್ತೊಂದರಲ್ಲಿ ಇಪ್ಪತ್ತು ಮೊದಲು

(ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಇಂದು ನನಗೆ ಒಪ್ಪಿಸಿರುವ ವಿಷಯ ನೋಡಲು ತೀರ ಸಣ್ಣದು. ಒಂದನೆಯ, ಎರಡನೆಯ ಇಯತ್ತೆಯ ಮಕ್ಕಳಿಗೆ ಬಿಡಿ, ಹತ್ತು, ನೂರು ಎಂಬ ಸ್ಥಾನಗಳನ್ನು ಹೇಗೆ ತಿಳಿಸಬೇಕು. ಎರಡು ಸಂಖ್ಯೆಗಳಲ್ಲಿ ಯಾವುದು ದೊಡ್ಡದು, ಯಾವುದು ಸಣ್ಣದು ಎಂಬುದನ್ನು ಹೇಗೆ ಕಲಿಸಬೇಕು. ಇಷ್ಟೇ. ಆದರೆ ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ. ಕೈಯಲ್ಲಿ ಒಂದು ಹಿಡಿದು ಕೂಡಿಸುವುದು, ಪಕ್ಕದ ಮನೆಯಿಂದ ಕಡ ತಂದು ಕಳೆಯುವುದು, ಗುಣಾಕಾರ, ಭಾಗಾಕಾರ, ದಶಾಂಶ ಇವೆಲ್ಲ ಸ್ಥಾನಬೆಲೆಯ ಮಕ್ಕಳು, ಮೊಮ್ಮಕ್ಕಳು. ಸ್ಥಾನಬೆಲೆ ಗಟ್ಟಿಯಾಗದ ಹುಡುಗ ನಾಲ್ಕನೆಯ ಇಯತ್ತೆಯವರೆಗೆ ಬಾಯಿಪಾಠದ ಬಲದ ಮೇಲೆ ಹೇಗೋ ದಾಟುತ್ತಾನೆ. ಐದನೆಯದಕ್ಕೆ ಬಂದು ಎಡವುತ್ತಾನೆ. ಆಗ ಮನೆಯಲ್ಲಿ ಒಂದೇ ಮಾತು: "ಕನ್ನಡ ಸಾಲಿಗೆ ಹಾಕಿದ್ದಕ್ಕ ಹಿಂಗಾತು."

ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದರ ಜೊತೆಗೇ ಇನ್ನೊಂದು ಸಲಹೆಯೂ ಬರುತ್ತದೆ. "ಭಾಷೆ ಬೇಕಾದರೆ ಕನ್ನಡ ಇರಲಿ, ಲೆಕ್ಕವನ್ನಾದರೂ ಮೊದಲಿನಿಂದಲೇ ಇಂಗ್ಲಿಷಿನಲ್ಲಿ ಕಲಿಸಿರಿ. ಇಲ್ಲವೇ ಊರ ವ್ಯವಹಾರವೆಲ್ಲ ಮರಾಠಿಯಲ್ಲಿ ನಡೆಯುವುದರಿಂದ ಮರಾಠಿಯಲ್ಲೇ ಎಣಿಸಲು ಹಚ್ಚಿರಿ." ಹೇಳುವವರು ಮಕ್ಕಳ ಹಿತ ಬಯಸಿಯೇ ಹೇಳುತ್ತಾರೆ. ಆದರೂ ಈ ಸಲಹೆ ಸರಿಯಲ್ಲ. ಬೇರೆ ವಿಷಯ ಹೇಗಾದರೂ ಇರಲಿ, ಸಂಖ್ಯೆಯ ಸ್ಥಾನ ಕಲಿಯುವ ವಿಷಯದಲ್ಲಿ ನಮ್ಮ ಮಕ್ಕಳಿಗೆ ಕನ್ನಡದಿಂದ ಅನುಕೂಲವಿದೆ. ಆ ಅನುಕೂಲ ಏನು, ಅದನ್ನು ಮನೆಯಲ್ಲಿ ಹೇಗೆ ಬಳಸಿಕೊಳ್ಳಬೇಕು ಎಂಬುದನ್ನು ಇವತ್ತು ಹೇಳುತ್ತೇನೆ.

ಹೆಸರಿನಲ್ಲೇ ಇರುವ ಪಾಠ

'ಇಪ್ಪತ್ತೊಂದು' ಎಂದು ಒಮ್ಮೆ ನಿಧಾನವಾಗಿ ಹೇಳಿ ನೋಡಿರಿ. ಮೊದಲು ಇಪ್ಪತ್ತು, ಆಮೇಲೆ ಒಂದು. ಈಗ ಬರೆಯಿರಿ: ೨೧. ಮೊದಲು ಎರಡು, ಆಮೇಲೆ ಒಂದು. ಬಾಯಿ ಯಾವ ಕ್ರಮದಲ್ಲಿ ಹೇಳಿತೋ ಕೈ ಅದೇ ಕ್ರಮದಲ್ಲಿ ಬರೆಯಿತು. ಐವತ್ತೆರಡು, ಅರವತ್ತೆಂಟು, ಎಪ್ಪತ್ಮೂರು, ತೊಂಬತ್ತೊಂಬತ್ತು, ಎಲ್ಲಿಯೂ ಈ ಕ್ರಮ ತಪ್ಪುವುದಿಲ್ಲ. ಹತ್ತು ಮುಂದೆ, ಬಿಡಿ ಹಿಂದೆ. ಹನ್ನೊಂದರಿಂದ ಹತ್ತೊಂಬತ್ತರವರೆಗೆ ಕೂಡ ಹಾಗೆಯೇ. 'ಹನ್', 'ಹದಿ' ಎಂಬುವು ಹತ್ತರ ರೂಪಗಳೇ. ಹದಿನಾಲ್ಕು ಎಂದರೆ ಹತ್ತು ಮತ್ತು ನಾಲ್ಕು ಎಂದು ಆ ಹೆಸರೇ ಹೇಳುತ್ತದೆ.

ಇಂಗ್ಲಿಷಿನಲ್ಲಿ ಹದಿನಾಲ್ಕಕ್ಕೆ 'ಫೋರ್ಟೀನ್' ಎನ್ನುತ್ತಾರೆ. ಅಲ್ಲಿ ನಾಲ್ಕು ಮೊದಲು ಬರುತ್ತದೆ. ನಲವತ್ತಕ್ಕೆ 'ಫೋರ್ಟಿ'. ಫೋರ್ಟೀನ್, ಫೋರ್ಟಿ ಎರಡೂ ಕಿವಿಗೆ ಅವಳಿಜವಳಿ. ಎಷ್ಟೋ ಮಕ್ಕಳು ಒಂದರ ಬದಲು ಇನ್ನೊಂದನ್ನು ಬರೆಯುತ್ತಾರೆ. ಕನ್ನಡದಲ್ಲಿ ಹದಿನಾಲ್ಕು ಮತ್ತು ನಲವತ್ತರ ನಡುವೆ ಅಂಥ ಗೊಂದಲಕ್ಕೆ ಎಡೆಯಿಲ್ಲ.

ಇನ್ನು ಮರಾಠಿ. ಅದು ನಮ್ಮ ನೆರೆಯ ಭಾಷೆ, ಈ ರಾಜ್ಯದ ಭಾಷೆ, ನಮ್ಮಲ್ಲಿ ಅನೇಕರಿಗೆ ಮನೆಯ ಎರಡನೆಯ ಭಾಷೆ. ಅದನ್ನು ಹೀಗಳೆಯುವ ಮಾತೇ ಇಲ್ಲ. ಆದರೆ ಅದರ ಸಂಖ್ಯೆಯ ಹೆಸರುಗಳು ಹಿಂದುಮುಂದಾಗಿವೆ. ಇಪ್ಪತ್ತೊಂದಕ್ಕೆ 'ಏಕವೀಸ', ಅಂದರೆ ಒಂದು, ಇಪ್ಪತ್ತು. ಐವತ್ತೆರಡಕ್ಕೆ 'ಬಾವನ್ನ'. ಎರಡು ಮೊದಲು ಕೇಳಿಸುತ್ತದೆ. ಮಗು ಕೇಳಿದಂತೆ ಬರೆದರೆ ೫೨ರ ಬದಲು ೨೫ ಆಗುತ್ತದೆ. ಐವತ್ತೊಂಬತ್ತಕ್ಕೆ 'ಏಕೋಣಸಾಠ', ಅಂದರೆ ಅರವತ್ತಕ್ಕೆ ಒಂದು ಕಡಿಮೆ. ಕಿವಿಗೆ ಬೀಳುವುದು ಅರವತ್ತು, ಬರೆಯಬೇಕಾದದ್ದು ಐದು ಮತ್ತು ಒಂಬತ್ತು. ಮರಾಠಿ ಮನೆಯ ಮಕ್ಕಳು ಇದನ್ನೆಲ್ಲ ಕಲಿಯುತ್ತಾರೆ, ಚೆನ್ನಾಗಿಯೇ ಕಲಿಯುತ್ತಾರೆ. ಆದರೆ ಅದಕ್ಕೆ ಹೆಚ್ಚಿನ ಶ್ರಮ ಬೇಕಾಗುತ್ತದೆ.

ಸೊಲ್ಲಾಪುರದವರಿಗೆ ಇನ್ನೊಂದು ಉದಾಹರಣೆ ಹೇಳುವುದು ಸುಲಭ. ಸಿದ್ಧರಾಮೇಶ್ವರರು ಈ ಕ್ಷೇತ್ರದಲ್ಲಿ ಸ್ಥಾಪಿಸಿದರೆಂದು ಹೇಳುವ ಲಿಂಗಗಳು ಅರವತ್ತೆಂಟು. ನಮ್ಮ ಅಜ್ಜಿ 'ಅರವತ್ತೆಂಟು ಲಿಂಗ' ಎನ್ನುತ್ತಾಳೆ. ಶಾಸ್ತ್ರಿಗಳು 'ಅಷ್ಟಷಷ್ಟಿ' ಎನ್ನುತ್ತಾರೆ. ಮರಾಠಿಯ ನೆರೆಯವರು 'ಅಡುಸಷ್ಟ' ಎನ್ನುತ್ತಾರೆ. ಮೂವರೂ ಹೇಳುವ ಸಂಖ್ಯೆ ಒಂದೇ. ಆದರೆ ಕೊನೆಯ ಎರಡರಲ್ಲಿ ಎಂಟು ಮುಂದೆ ಬಂದಿದೆ. ಬರೆಯುವ ೬೮ಕ್ಕೆ ಸರಿಹೊಂದುವುದು ಅಜ್ಜಿಯ ಮಾತು.

೨೦೧೯ರ ಚರ್ಚೆ

ಇದು ಕನ್ನಡದ ಅಭಿಮಾನದಿಂದ ನಾನೊಬ್ಬನೇ ಹೇಳುವ ಮಾತೆಂದು ತಿಳಿಯಬೇಡಿರಿ. ನಮ್ಮ ಮಕ್ಕಳ ಕನ್ನಡ ಪಠ್ಯಪುಸ್ತಕಗಳನ್ನೂ ಹೊರತರುವ ಪುಣೆಯ ಬಾಲಭಾರತಿ ಸಂಸ್ಥೆ ೧೯೬೭ರಲ್ಲಿ ಸ್ಥಾಪನೆಯಾಯಿತು. ಅದೇ ಸಂಸ್ಥೆ ೨೦೧೯ರಲ್ಲಿ ಹೊರತಂದ ಎರಡನೆಯ ಇಯತ್ತೆಯ ಮರಾಠಿ ಗಣಿತ ಪುಸ್ತಕದಲ್ಲಿ ಒಂದು ಬದಲಾವಣೆ ಮಾಡಿತು. 'ಏಕವೀಸ' ಎಂಬ ರೂಢಿಯ ಹೆಸರಿನ ಜೊತೆಗೆ 'ವೀಸ ಏಕ' ಎಂದು, ಹತ್ತನ್ನು ಮುಂದಿಟ್ಟು ಓದುವ ಕ್ರಮವನ್ನೂ ಕೊಟ್ಟಿತು. ಗಣಿತ ಸಮಿತಿಯ ಮುಂದಾಳುತನ ವಹಿಸಿದ್ದವರು ಗಣಿತಜ್ಞೆ ಮಂಗಲಾ ನಾರಳೀಕರ. ಜೋಡಕ್ಷರಗಳಿಂದ ಕೂಡಿದ, ಹಿಂದುಮುಂದಾದ ಹೆಸರುಗಳಿಂದ ಚಿಕ್ಕ ಮಕ್ಕಳಿಗೆ ತೊಡಕಾಗುತ್ತದೆ, ಎಷ್ಟೋ ಮಕ್ಕಳಿಗೆ ಗಣಿತದ ಮೇಲೆಯೇ ಬೇಸರ ಬರುತ್ತದೆ ಎಂಬುದು ಅವರ ವಾದವಾಗಿತ್ತು.

ಆ ವರ್ಷದ ಜೂನ್ ತಿಂಗಳಲ್ಲಿ ಇದರ ಮೇಲೆ ದೊಡ್ಡ ಗದ್ದಲವೆದ್ದಿತು. ವಿಷಯ ವಿಧಾನಸಭೆಯವರೆಗೂ ಹೋಯಿತು. ಭಾಷೆಯ ಸೊಬಗು ಕೆಡುತ್ತದೆ, ತಲೆಮಾರುಗಳಿಂದ ಬಂದ ಮಾತನ್ನು ಬದಲಿಸಬಾರದು ಎಂದು ಅನೇಕರು ವಾದಿಸಿದರು. ಅವರ ನೋವೂ ಸುಳ್ಳಲ್ಲ. ತಾಯಿ ಹೇಳಿದ ಎಣಿಕೆಯನ್ನು ಪುಸ್ತಕ ಬದಲಿಸಿದರೆ ಯಾರಿಗಾದರೂ ಕಸಿವಿಸಿಯಾಗುತ್ತದೆ. ನಾರಳೀಕರ ಅವರು ೨೦೨೩ರಲ್ಲಿ ತೀರಿಕೊಂಡರು. ಆ ಚರ್ಚೆಯಲ್ಲಿ ಯಾರ ಪಕ್ಷ ಸರಿ ಎಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ನಾವು ಗಮನಿಸಬೇಕಾದದ್ದು ಒಂದೇ. ಮರಾಠಿ ಮಕ್ಕಳಿಗಾಗಿ ಅಷ್ಟೊಂದು ವಾದ ಮಾಡಿ ತರಬೇಕಾದ ಕ್ರಮ ಕನ್ನಡ ಮಗುವಿಗೆ ತೊಟ್ಟಿಲಿನಿಂದಲೇ ಬಂದಿದೆ. ಅದನ್ನು ನಾವಾಗಿಯೇ ಕೈಬಿಡುವುದು ಜಾಣತನವೆ?

ಹೊರದೇಶಗಳಲ್ಲಿಯೂ ಇದೇ ವಿಚಾರ ನಡೆದಿದೆ. ನಾರ್ವೆ ದೇಶದಲ್ಲಿ ಮೊದಲು 'ಒಂದು ಮತ್ತು ಇಪ್ಪತ್ತು' ಎನ್ನುವ ರೂಢಿಯಿತ್ತು. ದೂರವಾಣಿ ಸಂಖ್ಯೆ ಹೇಳುವಾಗ ಗೊಂದಲವಾಗುತ್ತದೆಂಬ ಕಾರಣದಿಂದ ೧೯೫೧ರಲ್ಲಿ ಸರಕಾರವೇ 'ಇಪ್ಪತ್ತೊಂದು' ಎನ್ನುವ ಕ್ರಮವನ್ನು ಜಾರಿಗೆ ತಂದಿತು. ಬ್ರಿಟನ್ನಿನ ವೇಲ್ಸ್ ಪ್ರಾಂತದ ಸ್ಥಿತಿ ನಮಗೆ ಇನ್ನೂ ಹತ್ತಿರದ್ದು. ಅಲ್ಲಿಯ ವೆಲ್ಷ್ ಭಾಷಿಕರು ಇಂಗ್ಲಿಷಿನ ನಡುವೆ ಬದುಕುವ ಅಲ್ಪಸಂಖ್ಯಾತರು. ಅವರ ಹಳೆಯ ಎಣಿಕೆ ಬಹಳ ತೊಡಕಿನದು. ಹದಿನಾರಕ್ಕೆ 'ಹದಿನೈದರ ಮೇಲೊಂದು', ಹದಿನೆಂಟಕ್ಕೆ 'ಎರಡು ಒಂಬತ್ತು' ಎನ್ನುತ್ತಿದ್ದರು. ಈಗ ಶಾಲೆಗಳಲ್ಲಿ 'ಒಂದು ಹತ್ತು ಆರು', 'ಒಂದು ಹತ್ತು ಎಂಟು' ಎಂಬ ನೇರವಾದ ಎಣಿಕೆಯಿದೆ. ಆನ್ ಡೌಕರ್ ಎಂಬ ಸಂಶೋಧಕಿ ಮತ್ತು ಅವರ ಸಂಗಡಿಗರು ೨೦೦೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೆಲ್ಷ್ ಮಾಧ್ಯಮದ ಮಕ್ಕಳು ಎರಡಂಕಿಯ ಸಂಖ್ಯೆಗಳನ್ನು ಓದುವುದರಲ್ಲಿ, ಯಾವುದು ದೊಡ್ಡದೆಂದು ಹೋಲಿಸುವುದರಲ್ಲಿ ಮುಂದಿದ್ದುದು ಕಂಡುಬಂದಿತು. ಒಟ್ಟು ಲೆಕ್ಕದ ಜಾಣತನದಲ್ಲಿ ಅಂಥ ಅಂತರವಿರಲಿಲ್ಲ ಎಂಬುದನ್ನೂ ಹೇಳಬೇಕು. ನೇರವಾದ ಹೆಸರು ಮೊದಲ ಮೆಟ್ಟಿಲನ್ನು ಸುಲಭಗೊಳಿಸುತ್ತದೆ. ಉಳಿದ ಮೆಟ್ಟಿಲುಗಳನ್ನು ಎಲ್ಲ ಮಕ್ಕಳೂ ಹತ್ತಲೇಬೇಕು.

ಬಾಯಿಪಾಠವೇ ತಿಳುವಳಿಕೆಯಲ್ಲ

ಹಾಗಾದರೆ ಕನ್ನಡದಲ್ಲಿ ನೂರರವರೆಗೆ ಹೇಳಲು ಬಂದರೆ ಸಾಕೆ? ಸಾಲದು. ಅಮೆರಿಕದ ಶಿಕ್ಷಣತಜ್ಞೆ ಕಾನ್ಸ್‌ಟನ್ಸ್ ಕಮೀ ಅವರು ಮಕ್ಕಳಿಗೆ ಕೇಳಿದ ಒಂದು ಪ್ರಶ್ನೆ ಪ್ರಸಿದ್ಧವಾಗಿದೆ. ಅದನ್ನು ನೀವೂ ಇವತ್ತು ಸಂಜೆ ಮನೆಯಲ್ಲಿ ಕೇಳಬಹುದು. ಹದಿನಾರು ಹುಣಸೆಬೀಜ ಮುಂದಿಟ್ಟು, ಕಾಗದದ ಮೇಲೆ ೧೬ ಎಂದು ಬರೆಯಿರಿ. ೬ರ ಮೇಲೆ ಬೆರಳಿಟ್ಟು "ಇದು ಎಷ್ಟು ಬೀಜ, ತೋರಿಸು" ಎನ್ನಿರಿ. ಮಗು ಆರು ಬೀಜ ತೋರಿಸುತ್ತದೆ. ಈಗ ೧ರ ಮೇಲೆ ಬೆರಳಿಡಿರಿ. ಬಹಳಷ್ಟು ಚಿಕ್ಕ ಮಕ್ಕಳು ಒಂದೇ ಒಂದು ಬೀಜ ತೋರಿಸುತ್ತಾರೆ. ಉಳಿದ ಒಂಬತ್ತು ಬೀಜ ಎಲ್ಲಿಯದು ಎಂದರೆ ಸುಮ್ಮನೆ ಮುಖ ನೋಡುತ್ತಾರೆ.

ನಿಮ್ಮ ಮಗು ಹಾಗೆ ಮಾಡಿದರೆ ಬಯ್ಯಬೇಡಿರಿ. ೧ ಎಂಬ ಅಂಕಿ ಒಂದು ಮನೆಯಲ್ಲಿ ಕೂತರೆ ಒಂದು, ಅದರ ಎಡಗಡೆಯ ಮನೆಗೆ ಹೋದರೆ ಹತ್ತು, ಇನ್ನೊಂದು ಮನೆ ದಾಟಿದರೆ ನೂರು ಎಂಬುದು ಮನುಷ್ಯಕುಲ ಸಾವಿರಾರು ವರ್ಷ ಯೋಚಿಸಿ ಕಂಡುಕೊಂಡ ಸಂಗತಿ. ನಮ್ಮ ನಾಡಿಗೂ ಇದರಲ್ಲಿ ಪಾಲಿದೆ. ಕ್ರಿ.ಶ. ೮೫೦ರ ಸುಮಾರಿಗೆ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ ಏಕದಿಂದ ಮೊದಲಾಗಿ ೨೪ ಸ್ಥಾನಗಳಿಗೆ ಹೆಸರು ಹೇಳಿದ್ದಾನೆ. ನೃಪತುಂಗನ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ನಮ್ಮ ಅಕ್ಕಲಕೋಟೆ ತಾಲೂಕಿನ ಆಚೆಯ ಜಿಲ್ಲೆ ಅದು.

ಕಟ್ಟು ಕಟ್ಟಿಸಿರಿ

ಸ್ಥಾನ ಕಲಿಸಲು ದುಡ್ಡು ಖರ್ಚು ಮಾಡಬೇಕಾಗಿಲ್ಲ. ಕಸಬರಿಗೆಯ ಕಡ್ಡಿ, ತೊಗರಿಕಟ್ಟಿಗೆಯ ತುಂಡು, ಯಾವುದಾದರೂ ಆದೀತು. ಸುಮಾರು ನೂರೈವತ್ತು ಕಡ್ಡಿ ಕೂಡಿಡಿರಿ. ಮಗುವೇ ಎಣಿಸಿ, ಹತ್ತಾದ ಕೂಡಲೇ ದಾರದಿಂದ ಒಂದು ಕಟ್ಟು ಕಟ್ಟಲಿ. ಕಟ್ಟುವ ಕೆಲಸ ನೀವು ಮಾಡಬೇಡಿರಿ. ತನ್ನ ಕೈಯಿಂದ ಕಟ್ಟಿದಾಗಲೇ ಆ ಕಟ್ಟಿನೊಳಗೆ ಹತ್ತು ಇವೆ ಎಂಬ ನಂಬಿಕೆ ಹುಟ್ಟುತ್ತದೆ. ಎರಡು ಕಟ್ಟು, ಮೂರು ಬಿಡಿ ಇಟ್ಟು ಎಷ್ಟೆಂದು ಕೇಳಿರಿ. "ಹತ್ತು, ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ಮೂರು" ಎಂದು ಎಣಿಸಲಿ. ಹೆಸರು ಮತ್ತು ವಸ್ತು ಎರಡೂ ಒಂದೇ ಸಾಲಿನಲ್ಲಿ ಬರುತ್ತವೆ. ಹತ್ತು ಕಟ್ಟುಗಳಾದಾಗ ಎಲ್ಲ ಸೇರಿಸಿ ಒಂದು ದೊಡ್ಡ ಹೊರೆ ಕಟ್ಟಲಿ. ಅದು ನೂರು. ಹೊಲದಲ್ಲಿ ಜೋಳದ ದಂಟಿನ ಸೂಡು ಕಟ್ಟುವುದನ್ನು ನೋಡಿದ ಮಗುವಿಗೆ ಇದು ಹೊಸದೇನಲ್ಲ.

ಕೆಲವರು "ನಾಣ್ಯದಿಂದ ಕಲಿಸಿದರಾಗದೆ?" ಎಂದು ಕೇಳುತ್ತಾರೆ. ನಾಣ್ಯ ಒಳ್ಳೆಯದು, ಆದರೆ ಆಮೇಲೆ. ಹತ್ತು ರೂಪಾಯಿಯ ನಾಣ್ಯವನ್ನು ಒಡೆದು ನೋಡಿದರೆ ಒಳಗೆ ಹತ್ತು ಕಾಣುವುದಿಲ್ಲ. ಕಟ್ಟನ್ನು ಬಿಚ್ಚಿದರೆ ಕಾಣುತ್ತವೆ. ಮೊದಲು ಕಟ್ಟು, ಆಮೇಲೆ ನಾಣ್ಯ ಮತ್ತು ನೋಟು, ಕೊನೆಗೆ ಅಂಕಿ. ಈ ಮೂರು ಮೆಟ್ಟಿಲುಗಳನ್ನು ಹಾರಿಸಬೇಡಿರಿ. ಕಳೆಯುವ ಲೆಕ್ಕದಲ್ಲಿ 'ಕಡ ತರುವುದು' ಎಂದರೆ ಕಟ್ಟು ಬಿಚ್ಚುವುದು ಎಂದು ಮಗುವಿಗೆ ತಾನಾಗಿಯೇ ಹೊಳೆಯುತ್ತದೆ.

ಇಲ್ಲಿ ತಾಯಂದಿರಿಗೆ ಒಂದು ಮಾತು. "ನಮಗ ಓದು ಬರಹ ಬರೂದಿಲ್ಲ, ನಾವೇನು ಕಲಿಸಬೇಕ್ರಿ?" ಎಂದು ನಿಮ್ಮಲ್ಲಿ ಕೆಲವರು ಹಿಂದೆ ಸರಿಯುತ್ತೀರಿ. ಹತ್ತತ್ತು ರೊಟ್ಟಿ ಒಂದರ ಮೇಲೊಂದಿಟ್ಟು, ಎಷ್ಟು ಹತ್ತು, ಎಷ್ಟು ಬಿಡಿ ಎಂದು ಕೇಳಲು ಅಕ್ಷರ ಬೇಕಾಗಿಲ್ಲ. ಆ ಪ್ರಶ್ನೆಯನ್ನು ಮಗುವಿಗೆ ತಿಳಿಯುವ ಮಾತಿನಲ್ಲಿ ಕೇಳಬಲ್ಲವರು ನೀವೇ.

ಸೊನ್ನೆಯ ತೊಡಕು

ಕನ್ನಡದ ಹೆಸರು ನೇರವಾಗಿದೆ ಎಂದೆ. ಆ ನೇರತನದಿಂದಲೇ ಹುಟ್ಟುವ ಒಂದು ತಪ್ಪೂ ಇದೆ. 'ಮೂವತ್ತೆರಡು' ಬರೆ ಎಂದರೆ ಕೆಲವು ಮಕ್ಕಳು ೩೦೨ ಎಂದು ಬರೆಯುತ್ತಾರೆ. 'ನೂರಾ ಐದು' ಎಂದರೆ ೧೦೦೫. ಮಗು ಮೂವತ್ತನ್ನು ಕೇಳಿ ೩೦ ಬರೆಯಿತು, ಎರಡನ್ನು ಕೇಳಿ ಪಕ್ಕದಲ್ಲಿ ೨ ಇಟ್ಟಿತು. ಕೇಳಿದ್ದನ್ನು ಪ್ರಾಮಾಣಿಕವಾಗಿ ಬರೆದಿದೆ. ಹತ್ತು ಮತ್ತು ಬಿಡಿ ಬೇರೆಬೇರೆ ಎಂಬುದು ಅದಕ್ಕೆ ಗೊತ್ತಾಗಿದೆ. ಬಿಡಿ ಬಂದಾಗ ಸೊನ್ನೆ ಜಾಗ ಬಿಟ್ಟುಕೊಡಬೇಕೆಂಬುದು ಮಾತ್ರ ಇನ್ನೂ ಗೊತ್ತಾಗಿಲ್ಲ.

ಇದಕ್ಕೆ ಮದ್ದು ಸುಲಭ. ಹಳೆಯ ಲಗ್ನಪತ್ರಿಕೆಗಳಿಂದ ಚೀಟಿ ಕತ್ತರಿಸಿರಿ. ಒಂದು ಅಂಕಿಯಷ್ಟು ಅಗಲದ ಚೀಟಿಗಳ ಮೇಲೆ ೧ರಿಂದ ೯. ಎರಡರಷ್ಟು ಅಗಲದ ಚೀಟಿಗಳ ಮೇಲೆ ೧೦, ೨೦, ೩೦ ಹೀಗೆ ೯೦ರವರೆಗೆ. ಮೂರರಷ್ಟು ಅಗಲದವುಗಳ ಮೇಲೆ ೧೦೦ರಿಂದ ೯೦೦. 'ಮೂವತ್ತೆರಡು' ಎಂದಾಗ ಮಗು ೩೦ರ ಚೀಟಿ ತೆಗೆದು, ಅದರ ಸೊನ್ನೆಯ ಮೇಲೆ ೨ರ ಚೀಟಿ ಮುಚ್ಚಲಿ. ಆಗ ೩೨ ಕಾಣುತ್ತದೆ. ಎತ್ತಿದರೆ ಸೊನ್ನೆ ಒಳಗೇ ಇದೆ. 'ನೂರಾ ಐದು' ಎಂದರೆ ೧೦೦ರ ಕೊನೆಯ ಸೊನ್ನೆಯ ಮೇಲೆ ೫. ನಡುವಿನ ಸೊನ್ನೆ ಹಾಗೆಯೇ ಉಳಿಯಿತು, ಏಕೆಂದರೆ ಅಲ್ಲಿ ಬಿಡಿ ಹತ್ತು ಒಂದೂ ಇಲ್ಲ. ನಾವು ಬಾಯಲ್ಲಿ 'ನೂರಾ ಸೊನ್ನೆ ಹತ್ತಿನ ಐದು' ಎನ್ನುವುದಿಲ್ಲ. ಮಾತು ಹೇಳದೆ ಬಿಟ್ಟದ್ದನ್ನು ಬರಹದಲ್ಲಿ ಸೊನ್ನೆ ಹೇಳುತ್ತದೆ.

ಕನ್ನಡದಲ್ಲಿ ಕಿವಿಗೆ ತೊಡಕಾಗುವ ಕೆಲವು ಹೆಸರುಗಳೂ ಇವೆ. ಎಪ್ಪತ್ತು ಮತ್ತು ಎಂಬತ್ತು, ಒಂಬತ್ತು ಮತ್ತು ತೊಂಬತ್ತು, ನಾನೂರು ಮತ್ತು ನೂರಾ ನಾಲ್ಕು. ಇವನ್ನು ಜೋಡಿಯಾಗಿ ತೆಗೆದುಕೊಂಡು, ಕಟ್ಟು ಇಟ್ಟು ತೋರಿಸಿ ರೂಢಿ ಮಾಡಿಸಬೇಕು.

ಯಾವುದು ದೊಡ್ಡದು?

ಇನ್ನು ಹೋಲಿಕೆ. ಎಂಟು ಬಿಡಿ ಕಡ್ಡಿ ಒಂದು ಕಡೆ, ಒಂದು ಕಟ್ಟು ಇನ್ನೊಂದು ಕಡೆ ಇಟ್ಟು ಯಾವುದು ಹೆಚ್ಚೆಂದು ಕೇಳಿರಿ. ಮೊದಲ ಸಲ ಕೆಲವು ಮಕ್ಕಳು ಎಂಟನ್ನು ತೋರಿಸುತ್ತಾರೆ. ಕಟ್ಟು ಬಿಚ್ಚಿ ಎದುರುಬದುರು ಜೋಡಿಸಿದಾಗ ಗೊತ್ತಾಗುತ್ತದೆ. ಹೋಲಿಕೆಯ ತಿರುಳೆಲ್ಲ ಇಲ್ಲಿಯೇ ಇದೆ: ಅಂಕಿಯ ಮುಖಕ್ಕಿಂತ ಅದು ಕೂತ ಜಾಗ ದೊಡ್ಡದು.

೮೯ ಮತ್ತು ೧೦೧ರಲ್ಲಿ ಯಾವುದು ದೊಡ್ಡದು? ಎಂಟು, ಒಂಬತ್ತು ದೊಡ್ಡ ಅಂಕಿಗಳೆಂದು ಮಗು ೮೯ನ್ನು ಆರಿಸಬಹುದು. ಮೊದಲು ಮನೆಗಳನ್ನು ಎಣಿಸಲು ಹೇಳಿರಿ. ಎರಡು ಮನೆಯ ಸಂಖ್ಯೆ ಎಷ್ಟೇ ಬೀಗಿದರೂ ಮೂರು ಮನೆಯದಕ್ಕಿಂತ ಸಣ್ಣದು. ಮನೆಗಳು ಸಮನಾಗಿದ್ದರೆ ಎಡಗಡೆಯಿಂದ ನೋಡಬೇಕು. ೪೭ ಮತ್ತು ೫೩ರಲ್ಲಿ ಏಳು ಮೂರಕ್ಕಿಂತ ದೊಡ್ಡದು ನಿಜ, ಆದರೆ ನಾಲ್ಕು ಕಟ್ಟಿಗಿಂತ ಐದು ಕಟ್ಟು ಹೆಚ್ಚು. ಬಿಡಿಯವರೆಗೆ ಹೋಗುವ ಕಾರಣವೇ ಇಲ್ಲ. ೩೦೫ ಮತ್ತು ೩೫೦ರಲ್ಲಿ ನೂರು ಸಮ, ಹತ್ತಿನ ಮನೆಯಲ್ಲಿ ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಐದು. ಅಲ್ಲಿಯೇ ತೀರ್ಪು. ಇಲ್ಲಿಯೂ ಕನ್ನಡ ನೆರವಾಗುತ್ತದೆ. ನಾವು ಹೇಳುವಾಗ ದೊಡ್ಡ ಸ್ಥಾನವೇ ಮೊದಲು ಬರುವುದರಿಂದ 'ನಲವತ್ತು', 'ಐವತ್ತು' ಎಂಬಷ್ಟು ಕೇಳುವುದರಲ್ಲಿಯೇ ಮಗುವಿಗೆ ಉತ್ತರ ಸಿಕ್ಕಿರುತ್ತದೆ. > ಮತ್ತು < ಎಂಬ ಚಿಹ್ನೆಗಳನ್ನು ಇಷ್ಟೆಲ್ಲ ಆದ ಮೇಲೆ ಕೊಟ್ಟರೆ ಸಾಕು.

ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಒಂದು ಆಟ ಆಡಿಸಿರಿ. ಸೊನ್ನೆಯಿಂದ ಒಂಬತ್ತರವರೆಗಿನ ಚೀಟಿಗಳನ್ನು ಮಗುಚಿಡಿರಿ. ಇಬ್ಬರೂ ನೆಲದ ಮೇಲೆ ಮೂರು ಮನೆ ಬರೆದುಕೊಳ್ಳಲಿ. ಸರದಿಯಂತೆ ಒಂದೊಂದು ಚೀಟಿ ಎತ್ತಿ, ಬಂದ ಅಂಕಿಯನ್ನು ತಮಗೆ ಬೇಕಾದ ಮನೆಯಲ್ಲಿ ಇಡಬೇಕು. ಒಮ್ಮೆ ಇಟ್ಟರೆ ಬದಲಿಸುವಂತಿಲ್ಲ. ಕೊನೆಗೆ ಯಾರ ಸಂಖ್ಯೆ ದೊಡ್ಡದೋ ಅವರು ಗೆದ್ದಂತೆ. ನಾಲ್ಕೈದು ಆಟ ಆಗುವುದರೊಳಗೆ ಒಂಬತ್ತು ಬಂದರೆ ನೂರರ ಮನೆಗೆ, ಸೊನ್ನೆ ಬಂದರೆ ಬಿಡಿಯ ಮನೆಗೆ ಎಂದು ಮಕ್ಕಳೇ ಕಂಡುಕೊಳ್ಳುತ್ತಾರೆ. ಆಮೇಲೆ ಸಣ್ಣ ಸಂಖ್ಯೆ ಮಾಡಿದವರು ಗೆದ್ದಂತೆ ಎಂದು ಆಟ ತಿರುಗಿಸಿರಿ.

ಈ ವಿಜಾಪುರ ರಸ್ತೆಯೂ ಒಂದು ಪಾಠಶಾಲೆಯೇ. ಬಸ್ಸಿನಲ್ಲಿ ಹೋಗುವಾಗ ಕಿಲೋಮೀಟರ ಕಲ್ಲುಗಳನ್ನು ಓದಿಸಿರಿ. ೬೧, ೬೦, ೫೯ ಎಂದು ಇಳಿಯುವಾಗ ಹತ್ತಿನ ಮನೆ ಬದಲಾಗುವ ಕ್ಷಣವನ್ನು ಮಗು ಕಾಣಲಿ. ವಾಹನಗಳ ಮೇಲೆ ಸೊಲ್ಲಾಪುರದ ೧೩, ವಿಜಯಪುರದ ೨೮, ಕಲಬುರಗಿಯ ೩೨ ಎಂಬ ಸಂಖ್ಯೆಗಳಿರುತ್ತವೆ. ಅವನ್ನೂ ಓದಲಿ. ಆದರೆ "೨೮ ದೊಡ್ಡದು, ಹಾಗಾದರೆ ವಿಜಯಪುರ ದೊಡ್ಡ ಊರೇ?" ಎಂದು ಕೇಳಿ ನೋಡಿರಿ. ಅಲ್ಲಿ ಸಂಖ್ಯೆ ಬರಿಯ ಹೆಸರು, ಅಳತೆಯಲ್ಲ. ಇದೇ ರಸ್ತೆಗೆ ಹಿಂದೆ ೧೩ನೆಯ ರಾಷ್ಟ್ರೀಯ ಹೆದ್ದಾರಿ ಎಂಬ ಹೆಸರಿತ್ತು, ಈಗ ೫೨ನೆಯದು. ರಸ್ತೆ ಉದ್ದವಾಗಲಿಲ್ಲ. ಯಾವ ಸಂಖ್ಯೆಯನ್ನು ಹೋಲಿಸಬಹುದು, ಯಾವುದನ್ನು ಹೋಲಿಸಬಾರದು ಎಂಬುದೂ ಲೆಕ್ಕದ ತಿಳುವಳಿಕೆಯೇ.

ಮೂರು ಬಗೆಯ ಅಂಕಿಗಳು

ನಮ್ಮ ಮಕ್ಕಳು ಮೂರು ಲಿಪಿಯ ಅಂಕಿಗಳ ನಡುವೆ ಬೆಳೆಯುತ್ತಾರೆ. ಕನ್ನಡದವು, ಮರಾಠಿಯ ದೇವನಾಗರಿ ಅಂಕಿಗಳು, ಮೊಬೈಲಿನಲ್ಲಿ ಕಾಣುವ ಇಂಗ್ಲಿಷ್ ಅಂಕಿಗಳು. ಕನ್ನಡದ ೧ನ್ನು ಅವಸರದಲ್ಲಿ ಬರೆದರೆ ಸೊನ್ನೆಯಂತಾಗುತ್ತದೆ. ೬ ಮತ್ತು ೯ನ್ನು ಮಕ್ಕಳು ಅದಲುಬದಲು ಮಾಡುತ್ತಾರೆ. ದೇವನಾಗರಿಯ ಒಂದು ಇಂಗ್ಲಿಷಿನ ಒಂಬತ್ತರಂತೆ ಕಾಣುತ್ತದೆ. ಮಗು ತಪ್ಪಿದಾಗ ಅದು ಲೆಕ್ಕದ ತಪ್ಪೋ, ಅಂಕಿಯ ಆಕಾರದ ತಪ್ಪೋ ಎಂದು ಮೊದಲು ನೋಡಿರಿ. "ಇದನ್ನು ಬಾಯಲ್ಲಿ ಹೇಳು" ಎಂದರೆ ಗೊತ್ತಾಗುತ್ತದೆ. ಬಾಯಿ ಸರಿ ಹೇಳಿದರೆ ಲೆಕ್ಕ ಬರುತ್ತದೆ, ಕೈ ಮಾತ್ರ ಪಳಗಬೇಕು. ಸ್ಥಾನದ ಕ್ರಮ ಮೂರೂ ಲಿಪಿಗಳಲ್ಲಿ ಒಂದೇ ಎಂಬುದು ನಮ್ಮ ಭಾಗ್ಯ. ಒಂದರಲ್ಲಿ ಗಟ್ಟಿಯಾದರೆ ಉಳಿದೆರಡಕ್ಕೆ ಹೊಸ ಆಕಾರ ಕಲಿತರಾಯಿತು.

ಮರಾಠಿಯ ಹೆಸರುಗಳನ್ನು ಕಲಿಸಬೇಡಿರಿ ಎಂದು ನಾನು ಹೇಳುತ್ತಿಲ್ಲ. ಬಜಾರಕ್ಕೆ ಹೋಗುವ ಮಗುವಿಗೆ 'ಪಂಚವೀಸ' ಗೊತ್ತಿರಲೇಬೇಕು. ೨೦೨೦ರ ಕಾಯ್ದೆಯಂತೆ ರಾಜ್ಯದ ಎಲ್ಲ ಮಾಧ್ಯಮದ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಅದನ್ನು ಸಂತೋಷದಿಂದ ಕಲಿಯಲಿ, ಇಂಗ್ಲಿಷನ್ನೂ ಕಲಿಯಲಿ. ನಾನು ಕೇಳಿಕೊಳ್ಳುವುದು ಕ್ರಮದ ಬಗ್ಗ್ಗೆ ಮಾತ್ರ. ಕಟ್ಟು ಮತ್ತು ಬಿಡಿಯ ತಿಳುವಳಿಕೆ ಮೊದಲು ಕನ್ನಡದಲ್ಲಿ ಕೂಡ್ರಲಿ. ಎರಡು ಕಟ್ಟು, ಐದು ಬಿಡಿ ಎಂದರೇನೆಂದು ತಿಳಿದ ಮಗುವಿಗೆ 'ಪಂಚವೀಸ', 'ಟ್ವೆಂಟಿ ಫೈವ್' ಎಂಬುವು ಗೊತ್ತಿದ್ದ ವಸ್ತುವಿನ ಇನ್ನೆರಡು ಹೆಸರುಗಳು. ತಿಳಿಯದ ಮಗುವಿಗೆ ಮೂರೂ ಬರಿಯ ಸದ್ದು.

ಹಕ್ಕು ಮತ್ತು ಹೊಣೆ

ಸಂವಿಧಾನದ ೩೫೦-ಎ ಕಲಮು ೧೯೫೬ರ ಏಳನೆಯ ತಿದ್ದುಪಡಿಯಿಂದ ಬಂದದ್ದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣ ಕೊಡುವ ಅನುಕೂಲ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಅದು ಹೇಳುತ್ತದೆ. ೨೦೦೯ರ ಶಿಕ್ಷಣ ಹಕ್ಕು ಕಾಯ್ದೆಯೂ ಸಾಧ್ಯವಿದ್ದಷ್ಟು ಮಾತೃಭಾಷೆಯಲ್ಲಿಯೇ ಕಲಿಸಬೇಕೆನ್ನುತ್ತದೆ. ೨೦೨೧ರಲ್ಲಿ ಆರಂಭವಾದ ಕೇಂದ್ರದ ನಿಪುಣ ಭಾರತ ಕಾರ್ಯಕ್ರಮ ಒಂದನೆಯ ಇಯತ್ತೆಯ ಕೊನೆಗೆ ೯೯ರವರೆಗೆ, ಎರಡನೆಯದರ ಕೊನೆಗೆ ೯೯೯ರವರೆಗೆ ಸಂಖ್ಯೆಗಳನ್ನು ಓದಿ ಬರೆಯಬೇಕೆಂಬ ಗುರಿ ಇಟ್ಟಿದೆ. ನಿಮ್ಮ ಮಗು ಆ ಗುರಿ ಮುಟ್ಟಿದೆಯೇ ಎಂದು ಕೇಳುವ ಅಧಿಕಾರ ನಿಮಗಿದೆ.

ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಆ ಸಭೆಗೆ ಹೋದಾಗ ಕಟ್ಟಡದ ಮಾತು, ಊಟದ ಮಾತು ಆಡುತ್ತೇವೆ. ಅವು ಬೇಕು. ಅವುಗಳ ಜೊತೆ ಇನ್ನು ಮೂರು ಪ್ರಶ್ನೆ ಕೇಳಿರಿ. ಕನ್ನಡದ ಗಣಿತ ಪುಸ್ತಕ ಶಾಲೆ ತೆರೆದ ವಾರದಲ್ಲಿ ಕೈಸೇರಿತೇ? ಒಂದನೆಯ, ಎರಡನೆಯ ಇಯತ್ತೆಗೆ ಕನ್ನಡ ಬಲ್ಲ ಗುರುಗಳು ಅಥವಾ ಬಾಯಿಯವರು ಇದ್ದಾರೆಯೇ? ವರ್ಗದಲ್ಲಿ ಮಕ್ಕಳ ಕೈಗೆ ಎಣಿಸಲು, ಕಟ್ಟಲು ಏನಾದರೂ ಸಿಗುತ್ತದೆಯೇ? ಶಾಲೆ ಕನ್ನಡದ್ದೆಂದು ಫಲಕ ಹೇಳಿದರೆ ಸಾಲದು. ಲೆಕ್ಕ ಕನ್ನಡದಲ್ಲಿ ತಿಳಿಯುತ್ತಿದ್ದರೆ ಆ ಫಲಕಕ್ಕೆ ಅರ್ಥ.

ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಕೊಡಿರಿ. "ಎಷ್ಟರವರೆಗೆ ಬರುತ್ತದೆ?" ಎಂದು ಕೇಳುವುದನ್ನು ಬಿಟ್ಟು "ಎಷ್ಟು ಕಟ್ಟು, ಎಷ್ಟು ಬಿಡಿ?" ಎಂದು ಕೇಳಿರಿ. ದೀಪಾವಳಿಯ ಹೊತ್ತಿಗೆ ಅಂತರ ಕಾಣುತ್ತದೆ. ಆ ಮಗುವಿನ ಪಾಲಕರು ಲೆಕ್ಕದ ಕಾರಣಕ್ಕಾಗಿ ಶಾಲೆ ಬದಲಿಸಬೇಕೆ ಎಂದು ಯೋಚಿಸಬೇಕಾಗಿಲ್ಲ. ಕನ್ನಡ ಶಾಲೆಯ ಒಂದೊಂದು ಹೆಸರೂ ಹಾಜರಿ ಪುಸ್ತಕದಲ್ಲಿ ಉಳಿಯಬೇಕಾದರೆ ಇಂಥ ಸಣ್ಣ ಕೆಲಸಗಳೇ ದಾರಿ.